ಗಂಡಿಲ್ಲದೆ ಮೊಟ್ಟೆ ಇಟ್ಟ ಸೂರ್ಯನ ಕುದುರೆ

ಪ್ರಶ್ನೆ: ಟೀಚರ್, ಕಾಫಿ ಕೊಯ್ಯುವಾಗ ಗಿಡದಲ್ಲಿ ರೆಕ್ಕೆ ಬಾರದ ಪುಟ್ಟ ಸೂರ್ಯನ ಕುದುರೆ ಸಿಕ್ಕಿತು. ಬಾಟಲಿಯಲ್ಲಿಟ್ಟು ನೊಣ ಹಾಕಿ ಸಾಕಿದೆ. ಎರಡು ಸಲ ಪೊರೆ ಬಿಟ್ಟು ರೆಕ್ಕೆ ಬಂತು. ಮೊನ್ನೆ ಕಡ್ಡಿಗೆ ನೊರೆಯಂಥ ಮೊಟ್ಟೆಗೂಡು ಅಂಟಿಸಿದೆ. ಜೊತೆಗೆ ಗಂಡು ಇರಲೇ ಇಲ್ಲ. ಮರಿ ಆಗುತ್ತಾ? ಅಜ್ಜಿ ಎಸೆದುಬಿಡು ಅಂತಾರೆ.
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ಎಸೆಯಬೇಡ ಮಗು. ರೆಕ್ಕೆ ಬರುವ ಮುಂಚೆಯೇ ಹಿಡಿದೆ ಅಂತ ಬರೆದಿದ್ದೀಯಲ್ಲ, ಅದು ತುಂಬಾ ಒಳ್ಳೆಯ ಸಾಕ್ಷಿ. ದೊಡ್ಡದನ್ನು ಹಿಡಿದಿದ್ದರೆ ಅದು ತೋಟದಲ್ಲೇ ಗಂಡಿನ ಜೊತೆ ಕೂಡಿರಬಹುದಿತ್ತು. ನಿನ್ನದು ಹಾಗಲ್ಲ.

ಗಂಡು ಸಿಗದಿದ್ದರೂ ಹೆಣ್ಣು ಗೂಡು ಕಟ್ಟುತ್ತದೆ. ಆದರೆ ಹೆಚ್ಚಿನ ಜಾತಿಗಳಲ್ಲಿ ಆ ಮೊಟ್ಟೆ ಒಡೆಯುವುದಿಲ್ಲ. ಹಾಗಾಗಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡ.

ಆದರೂ ಕಾದು ನೋಡು ಅನ್ನುವುದಕ್ಕೆ ಕಾರಣ ಇದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬ್ರುನ್ನೇರಿಯಾ ಬೊರಿಯಾಲಿಸ್ ಅನ್ನುವ ಸೂರ್ಯನ ಕುದುರೆ ಇದೆ. ಹಸಿರು ಕಡ್ಡಿಯ ಹಾಗೆ ಸಪೂರ, ಎತ್ತರದ ಹುಲ್ಲಿನಲ್ಲಿ ಇರುತ್ತದೆ, ರೆಕ್ಕೆ ಗಿಡ್ಡ. ಅದರಲ್ಲಿ ಗಂಡನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ! ತಾಯಿ ಇಟ್ಟ ಮೊಟ್ಟೆಗಳಿಂದ ಬರೀ ಹೆಣ್ಣು, ಆ ಹೆಣ್ಣಿನಿಂದ ಮತ್ತೆ ಹೆಣ್ಣು. ಎಂ. ಜೆ. ಡಿ. ವೈಟ್ ಅನ್ನುವ ವಿಜ್ಞಾನಿ 1948ರಲ್ಲೇ ಅದರ ವರ್ಣತಂತುಗಳ ಬಗ್ಗೆ ಬರೆದರು. ದಕ್ಷಿಣ ಅಮೆರಿಕದಲ್ಲಿರುವ ಅದರ ದಾಯಾದಿಗಳಲ್ಲಿ ಮಾತ್ರ ಗಂಡೂ ಉಂಟು. ಆಫ್ರಿಕಾದ ಮಿಯೊಮ್ಯಾಂಟಿಸ್ ಕಾಫ್ರಾ ಇನ್ನೊಂದು ಥರ: ಗಂಡು ಸಿಕ್ಕರೆ ಕೂಡುತ್ತದೆ, ಸಿಗದಿದ್ದರೆ ಒಂಟಿಯಾಗಿಯೂ ಮರಿ ಮಾಡಬಲ್ಲದು. ಒಂದೇ ಒಂದು ಹೆಣ್ಣು ಹೊಸ ಜಾಗಕ್ಕೆ ತಲುಪಿದರೂ ಸಂಸಾರ ಬೆಳೆಯುತ್ತದೆ ಅಲ್ವಾ, ಅದೇ ಇದರ ಲಾಭ. ನಷ್ಟ ಏನೆಂದರೆ, ಮಕ್ಕಳೆಲ್ಲ ಹೆಚ್ಚುಕಡಿಮೆ ತಾಯಿಯ ಅಚ್ಚು. ಒಂದಕ್ಕೆ ತಡೆಯಲಾಗದ ರೋಗ ಎಲ್ಲದಕ್ಕೂ ಕಷ್ಟವೇ.

ನಾನೂ ಒಮ್ಮೆ ಸಿಲ್ವರ್ ಓಕ್ ತೊಗಟೆಯಿಂದ ಇಂಥ ಗೂಡನ್ನು ಬಿಡಿಸಿ ತಂದಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಹತ್ತಾರು ಮರಿಗಳು ನೂಲಿಗೆ ತಲೆಕೆಳಗಾಗಿ ಜೋತಾಡುತ್ತಿದ್ದವು. ಸೊಳ್ಳೆಯಷ್ಟೇ ಗಾತ್ರ, ಆಗಲೇ ಕೈ ಮಡಚಿಕೊಂಡಿದ್ದವು.

ನಿನ್ನ ಗೂಡನ್ನು ಕಡ್ಡಿ ಸಮೇತ ಬೇರೆ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟು. ಬಿಸಿಲಿಗೆ ಇಡಬೇಡ. ತಾಯಿಗೆ ನೊಣ ಹಾಕುತ್ತಿರು, ಇನ್ನೊಂದು ಗೂಡು ಕಟ್ಟಬಹುದು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಹೋದರೂ ಏನೂ ಹೊರಬರದಿದ್ದರೆ, ಅಪ್ಪನ ಹತ್ತಿರ ಹೇಳಿ ಬ್ಲೇಡಿನಿಂದ ಗೂಡನ್ನು ಸೀಳಿಸು. ಒಳಗೆ ಮೊಟ್ಟೆಗಳ ಸಾಲು ಕಾಣುತ್ತದೆ. ಮರಿ ಬಂದರೆ ಮಾತ್ರ ತಾರೀಖು ಬರೆದಿಟ್ಟು, ಫೋಟೋ ತೆಗೆದು, ಅವತ್ತೇ ನನಗೆ ಕಳಿಸು.