ಹಂಚು ಹಾರಿತು, ವಿಮೆ ಬರುತ್ತಾ?

(ಓದುಗರ ಪ್ರಶ್ನೆಗಳಿಗೆ ಹಾನಿ ಅಳೆಯುವ ವಿಮಾ ಸರ್ವೇಯರ್ ಆಗಿ ನಿವೃತ್ತರಾದವರೊಬ್ಬರ ಉತ್ತರ)

ಪ್ರಶ್ನೆ: ಮೇ ತಿಂಗಳ ಗಾಳಿಮಳೆಗೆ ನಮ್ಮ ಹಂಚಿನ ಮನೆಯ ಪಡು ಬದಿಯ ಮಾಡು ಅರ್ಧ ಹಾರಿಹೋಯಿತು. ಸುಮಾರು ಇನ್ನೂರು ಹಂಚು ಒಡೆದಿವೆ, ಮಾಡು ಹೊರುವ ನಾಲ್ಕು ಪಕ್ಕಾಸು (ಮರದ ತೊಲೆ) ಮುರಿದಿವೆ. ಅಟ್ಟದಲ್ಲಿದ್ದ ಅಡಿಕೆಯೂ ನೆನೆಯಿತು. ಸಾಲ ತಗೊಂಡಾಗ ಬ್ಯಾಂಕಿನವರು ಇನ್ಶೂರೆನ್ಸ್ ಅಂತ ದುಡ್ಡು ಹಿಡಿದಿದ್ದರು. ಅದರಲ್ಲಿ ಏನಾದರೂ ಸಿಗುತ್ತಾ? ಅತ್ತೆ ಹೇಳಿದರೆಂದು ಒಡೆದ ಹಂಚನ್ನೆಲ್ಲ ಮರುದಿನವೇ ತೋಟದ ದಾರಿಗೆ ಸುರಿದುಬಿಟ್ಟೆವು. — ಓದುಗರೊಬ್ಬರು, ಪುತ್ತೂರು ತಾಲ್ಲೂಕು

ಉತ್ತರ: ಅತ್ತೆಯವರನ್ನು ಬೈಬೇಡಿ ತಾಯಿ. ಹಂಚು ತೋಟದ ದಾರಿಯಲ್ಲೇ ಇದೆಯಲ್ಲ, ಅದೇ ಪುಣ್ಯ. ಮೊದಲು ಆ ದಾರಿಯಲ್ಲಿ ಜೀಪು, ಗಾಡಿ ಓಡಾಡದಂತೆ ನೋಡಿಕೊಳ್ಳಿ. ರಾಶಿ ಇದ್ದ ಹಾಗೇ ಫೋಟೊ ತೆಗೆಯಿರಿ. ಆಮೇಲೆ ಅಂಗಳದಲ್ಲಿ ನಿಂತು ಇಡೀ ಮಾಡಿನದೊಂದು, ಅಟ್ಟದೊಳಗಿಂದ ಆಕಾಶ ಕಾಣುವ ಹಾಗೆ ಒಂದು.

ಇನ್ನು ಬ್ಯಾಂಕು ಹಿಡಿದ ದುಡ್ಡು. ಜಾಸ್ತಿ ಜನ ಎಡವುವುದು ಇಲ್ಲೇ. ಸಾಲದ ಜೊತೆ ಎರಡು ಥರದ ವಿಮೆ ಇರುತ್ತದೆ. ಒಂದು, ಸಾಲ ತಗೊಂಡವರು ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ. ಮಾಡು ಹಾರಿದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಇನ್ನೊಂದು ಮನೆಯದೇ ವಿಮೆ. ಪಾಸ್‌ಬುಕ್ ಹಿಡಿದು ಹೋಗಿ, ಪಾಲಿಸಿಯ ಪ್ರತಿ ಕೇಳಿ. ಅದರ ಮೇಲೆ ‘ಭಾರತ್ ಗೃಹ ರಕ್ಷಾ’ ಅಂತಿದ್ದರೆ ನಿಮ್ಮ ಅದೃಷ್ಟ. ಇದು 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ, ಷರತ್ತುಗಳು ಎಲ್ಲ ಕಂಪನಿಯಲ್ಲೂ ಒಂದೇ. ಬಿರುಗಾಳಿ, ಚಂಡಮಾರುತ, ನೆರೆ ಎಲ್ಲ ಅದರೊಳಗೇ ಇವೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇದ್ದರೆ ಹಣ ಮೊದಲು ಅವರ ಕೈಗೆ ಹೋಗಬಹುದು. ಹಾಗಾಗಿ ರಿಪೇರಿಗೆ ಬಿಡುಗಡೆ ಮಾಡಿ ಅಂತ ಮ್ಯಾನೇಜರಿಗೆ ಈಗಲೇ ಒಂದು ಅರ್ಜಿ ಕೊಟ್ಟಿಡಿ.

ಕಂಪನಿಗೆ ಇವತ್ತೇ ಫೋನ್ ಮಾಡಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ಈಗಿನ ನಿಯಮದಂತೆ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು.

ಅವರು ಬರುವವರೆಗೆ ಮಾಡು ಬಿಚ್ಚಿಟ್ಟುಕೊಂಡು ಕೂರಬೇಕು ಅಂತಲ್ಲ. ಟಾರ್ಪಾಲ್ ಹೊದೆಸಿ, ಅದರ ಬಿಲ್ ಎತ್ತಿಡಿ. ಹೊದೆಸದೆ ಬಿಟ್ಟು ಎರಡನೇ ಮಳೆಗೆ ಗೋಡೆ ಕುಸಿದರೆ ‘ನಿಮ್ಮದೇ ಬೇಜವಾಬ್ದಾರಿ’ ಅನ್ನುತ್ತಾರೆ. ಹೊದೆಸುವುದು ಬೇರೆ, ರಿಪೇರಿ ಮಾಡಿ ಮುಗಿಸುವುದು ಬೇರೆ. ಇದು ನಾನು ದಂಡ ತೆತ್ತು ಕಲಿತ ಪಾಠ. ನಮ್ಮ ತಾರಸಿ ಮೇಲಿನ ಶೀಟು ಒಮ್ಮೆ ಹಾರಿ ಪಕ್ಕದ ಗದ್ದೆಗೆ ಬಿತ್ತು. ಎರಡು ದಿನ ಕಳೆದರೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಫೋಟೊ ಕೂಡ ತೆಗೆಯದೆ ಸಂಜೆಯೊಳಗೆ ಹೊಸ ಶೀಟು ಹೊಡೆಸಿಬಿಟ್ಟೆ. ಮೂರನೇ ದಿನ ಬಂದ ಸರ್ವೇಯರ್ ಮೇಲೆ ನೋಡಿ, ‘ಸಾರ್, ಹಾಳಾಗಿದ್ದು ಎಲ್ಲಿ?’ ಅಂದ. ಇಪ್ಪತ್ತು ವರ್ಷ ನಾನೇ ಊರವರಿಗೆ ಕೇಳಿದ ಪ್ರಶ್ನೆ! ಒಂದು ರೂಪಾಯಿಯೂ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಬರೆಯುತ್ತಿರಲಿಲ್ಲ, ಬಿಡಿ.

ಸರ್ವೇಯರ್ ಬಂದಾಗ ಏನು ನೋಡುತ್ತಾನೆ ಗೊತ್ತಾ? ಹಂಚಿನ ಒಡೆದ ಅಂಚು. ಮೊನ್ನೆ ಒಡೆದದ್ದಾದರೆ ಅಂಚು ಕೆಂಪಗೆ, ಈಗಷ್ಟೇ ಮುರಿದ ಇಟ್ಟಿಗೆ ಥರ ಇರುತ್ತದೆ. ಹಳೆಯ ಬಿರುಕಾದರೆ ಕಪ್ಪು, ಜೊತೆಗೆ ಪಾಚಿ. ಪಕ್ಕಾಸೂ ಹಾಗೇ. ಗಾಳಿಗೆ ಮುರಿದದ್ದು ಉದ್ದಕ್ಕೆ ಸಿಗಿದಿರುತ್ತದೆ, ಒಳಗೆ ಬಿಳಿಚಾಗಿ ಕಾಣುತ್ತದೆ. ಗೆದ್ದಲು ಹಿಡಿದದ್ದನ್ನು ಉಗುರಲ್ಲಿ ಗೀರಿದರೆ ಸಾಕು, ಪುಡಿ ಉದುರುತ್ತದೆ. ಅದಕ್ಕೇ ಮುರಿದ ಪಕ್ಕಾಸಿನ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ. ನಾಲ್ಕರಲ್ಲಿ ಒಂದಕ್ಕೆ ಗೆದ್ದಲು ಹಿಡಿದಿದ್ದರೆ ನೀವೇ ಮೊದಲು ಹೇಳಿಬಿಡಿ. ಉಳಿದ ಮೂರರ ಮಾತು ಆಗ ನಂಬುತ್ತಾನೆ.

ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ, ಓದಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಸುಡಲು ಶುರುಮಾಡಿದ ಮೇಲೆ ನಮ್ಮ ಕಡೆ ಎಷ್ಟೋ ಕಾರ್ಖಾನೆ ಎದ್ದವು, ಮುಚ್ಚಿದವು. ಒಂದರ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಸಂದಿ ಬಿಟ್ಟು ಸೋರುತ್ತದೆ. ನಿಮ್ಮದು ಅಂಥ ಹಳೆಯ ಹಂಚಾದರೆ, ‘ಹೊಸದು ಇದಕ್ಕೆ ಕೂರದು, ಒಂದು ಬದಿ ಪೂರ್ತಿ ಬದಲಿಸಬೇಕು’ ಅಂತ ಮೇಸ್ತ್ರಿ ಹತ್ತಿರ ಬರೆಸಿಕೊಳ್ಳಿ. ಅಂದಾಜು ಪಟ್ಟಿಯಲ್ಲಿ ಹಂಚು, ಪಕ್ಕಾಸು, ರೀಪು (ಹಂಚು ಕೂರಿಸುವ ಮರದ ಪಟ್ಟಿ), ಕೂಲಿ ಬೇರೆ ಬೇರೆ ಇರಲಿ. ‘ಒಟ್ಟು ರಿಪೇರಿ’ ಅಂತ ಒಂದೇ ಸಾಲು ಬರೆದ ಚೀಟಿ ಕಂಡರೆ ಸರ್ವೇಯರಿಗೆ ಕತ್ತರಿಸಲು ಕೈ ತುರಿಸುತ್ತದೆ.

ಅಡಿಕೆಯ ಆಸೆ ಬಿಡಿ. ಮನೆಬಳಕೆಯ ಸಾಮಾನು ಬೇರೆ, ಮಾರಲು ಇಟ್ಟ ಮಾಲು ಬೇರೆ. ಹಾಸಿಗೆ, ಟೀವಿ ನೆನೆದಿದ್ದರೆ ಮಾತ್ರ ಪಟ್ಟಿಗೆ ಸೇರಿಸಿ.

ಮತ್ತೊಂದು. ಗ್ರಾಮ ಆಡಳಿತಾಧಿಕಾರಿಗೂ ತಿಳಿಸಿ, ಮಹಜರು ಮಾಡಿಸಿ. ಪಕ್ಕಾ ಮನೆಗೆ ಕನಿಷ್ಠ ಶೇ. 15ರಷ್ಟು ಹಾನಿಯಾಗಿದ್ದರೆ ಕೇಂದ್ರದ 2022ರ ಮಾನದಂಡದಲ್ಲಿ ಇದ್ದ ಸರ್ಕಾರಿ ಪರಿಹಾರ 6,500 ರೂಪಾಯಿ. ಅದು ಯಾವ ಮೂಲೆಗೆ ಅನ್ನಬೇಡಿ. ಇಂಥ ದಿನ ಇಂಥ ಊರಲ್ಲಿ ಗಾಳಿ ಬೀಸಿದ್ದು ನಿಜ ಅನ್ನುವುದಕ್ಕೆ ಆ ಮಹಜರು ವಿಮೆಯವರ ಮುಂದೆಯೂ ಒಳ್ಳೆಯ ಸಾಕ್ಷಿ.

ಪ್ರಶ್ನೆ: ಪಕ್ಕದವರ ತೆಂಗಿನಮರ ಗಾಳಿಗೆ ನಮ್ಮ ಅಡುಗೆಮನೆ ಮೇಲೆ ಬಿತ್ತು. ಅವರ ಮೇಲೆ ಕೇಸ್ ಹಾಕಿದರೆ ಮಾತ್ರ ವಿಮೆ ಸಿಗುವುದಾ? — ಕುಂದಾಪುರ

ಉತ್ತರ: ಸುಮ್ನೆ ಯಾಕೆ ಜಗಳ? ಗೃಹ ರಕ್ಷಾ ಪಾಲಿಸಿಯಲ್ಲಿ ಮರ ಬಿದ್ದು ಆದ ಹಾನಿಯೂ ಸೇರಿದೆ, ಮರ ಯಾರದ್ದಾದರೂ ಸರಿ. ಕಡಿದು ತೆಗೆಯುವ ಮುಂಚೆ ಫೋಟೊ ತೆಗೆಯಿರಿ, ಅಷ್ಟೇ.

ಪ್ರಶ್ನೆ: ಮಾಡಿನ ರಿಪೇರಿಗೆ 80,000 ರೂಪಾಯಿ ಆಯಿತು. ‘ಮನೆ ಕಟ್ಟಲು 40 ಲಕ್ಷ ಬೇಕು, ನೀವು 20 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ’ ಅಂತ ಕಂಪನಿಯವರು 40,000 ಮಾತ್ರ ಕೊಟ್ಟರು. ಇದು ಸರಿಯಾ? — ತೀರ್ಥಹಳ್ಳಿ

ಉತ್ತರ: ಪಾಲಿಸಿ ಯಾವುದು ಅಂತ ನೀವು ಬರೆದಿಲ್ಲ. ಹಳೆಯ ಮಾದರಿಯ ಬೆಂಕಿ ವಿಮೆಯಾದರೆ ಆ ಲೆಕ್ಕ ಸರಿ. ಅರ್ಧ ಬೆಲೆಗೆ ವಿಮೆ, ಅರ್ಧ ಪರಿಹಾರ. ಗೃಹ ರಕ್ಷಾ ಆದರೆ ಹಾಗೆ ಕತ್ತರಿಸುವಂತಿಲ್ಲ. ವಿಮೆ ಮೊತ್ತದ ಮಿತಿಯೊಳಗೆ ಹಾನಿಯಷ್ಟನ್ನೂ ಕೊಡಬೇಕು.

ಸರ್ವೇಯರ್ ವರದಿಯ ಪ್ರತಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ಇಂಥ ತಕರಾರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ಕೊನೆಯದಾಗಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು.

ಪ್ರಶ್ನೆ: ತಾರಸಿ ಮೂರು ವರ್ಷದಿಂದ ಸೋರುತ್ತಿದೆ. ಈ ಸಲದ ಗಾಳಿಮಳೆ ಲೆಕ್ಕದಲ್ಲಿ ಹಾಕಿಸಿ ಅಂತ ಪರಿಚಯದ ಏಜೆಂಟ್ ಹೇಳುತ್ತಾರೆ. — ಹೆಸರು ಬೇಡ

ಉತ್ತರ: ಹೆಸರು ಬೇಡ ಅಂದಾಗಲೇ ಉತ್ತರ ನಿಮಗೆ ಗೊತ್ತಿದೆ ಅಲ್ವಾ? ಬೇಸಿಗೆಯಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿ.