ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ‘ಕರು’ ಹುಟ್ಟಿದ್ದು ಕರುಣೆಯಿಂದಲ್ಲ

ಪ್ರಶ್ನೆ: ಸಂಸ್ಕೃತದ ‘ಕರುಣಾ’ ಶಬ್ದದಿಂದ ನಮ್ಮ ‘ಕರು’ ಬಂದಿತೆಂದು ಉಪನ್ಯಾಸವೊಂದರಲ್ಲಿ ಕೇಳಿದೆ. ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಳಗನ್ನಡದಲ್ಲಿ ಈ ಪದದ ರೂಪ ‘ಕಱು’. ಅದರಲ್ಲಿರುವುದು ಶಕಟರೇಫವೇ (‘ಱ’ ಎಂಬ ಹಳೆಯ ಅಕ್ಷರ) ಹೊರತು ‘ಕರುಣೆ’ಯಲ್ಲಿರುವ ಸಾಮಾನ್ಯ ರೇಫವಲ್ಲ (‘ರ’ ಅಲ್ಲ). ಮುಂದೆ ಎರಡರ ಉಚ್ಚಾರಣೆಯೂ ಒಂದಾಗಿ, ಱಕಾರವು ಬರವಣಿಗೆಯಿಂದಲೂ ಮರೆಯಾದದ್ದರಿಂದ ಇಂದು ಇವು ಒಂದೇ ಮನೆಯ ಪದಗಳಂತೆ ಕಾಣುತ್ತವೆ, ಅಷ್ಟೇ.

‘ಕರು’ವಿನ ನಿಜವಾದ ನೆಂಟರು ನೆರೆಭಾಷೆಗಳಲ್ಲಿದ್ದಾರೆ: ತಮಿಳಿನಲ್ಲಿ ‘ಕನ್ಱು’, ಮಲಯಾಳದಲ್ಲಿ ‘ಕನ್ನು’, ತುಳುವಿನಲ್ಲಿ ‘ಕಂಜಿ’. ತಮಿಳಿನ ‘ಮೂನ್ಱು’ ಹಳಗನ್ನಡದಲ್ಲಿ ‘ಮೂಱು’ ಆಗಿರುವುದನ್ನೂ, ‘ಒನ್ಱು’ ನಮ್ಮಲ್ಲಿ ‘ಒಂದು’ ಆಗಿರುವುದನ್ನೂ ಜೊತೆಗಿಟ್ಟು ನೋಡಿದರೆ, ‘ಕನ್ಱು’ವಿಗೆ ಕನ್ನಡದಲ್ಲಿ ‘ಕಱು’, ‘ಕಂದು’ ಎಂಬ ಎರಡು ರೂಪಗಳು ಏಕಿವೆ ಎಂಬುದು ತಾನಾಗಿ ತಿಳಿಯುತ್ತದೆ. ಬಾಳೆಯ ಬುಡದಲ್ಲಿ ಏಳುವ ಮರಿಗಿಡವನ್ನು ನಮ್ಮ ರೈತರು ಇಂದಿಗೂ ‘ಕಂದು’ ಎಂದೇ ಕರೆಯುತ್ತಾರೆ; ತಾಯಿ ಮಗುವನ್ನು ಕರೆಯುವ ‘ಕಂದ’ವೂ ಈ ಬಳಗದ್ದೇ. ತಮಿಳಿನ ‘ಕನ್ಱು’ ಎಳೆಗಿಡಕ್ಕೂ ಸಲ್ಲುವ ಹೆಸರು. ಹೀಗಾಗಿ ಇಲ್ಲಿರುವ ಮೂಲ ಅರ್ಥ ‘ಎಳೆಯದು’ ಎಂಬುದು. ದಯೆಗೂ ಇದಕ್ಕೂ ಸಂಬಂಧವಿಲ್ಲ.

ಪದಗಳನ್ನು ಬೇಕಾದ ಹಾಗೆ ಒಡೆದು ವೇದಿಕೆಯಲ್ಲಿ ಅರ್ಥ ಹೇಳುವವರಿಗೆ ಚಪ್ಪಾಳೆ ಸಿಗಬಹುದು, ಆದರೆ ಅದು ನಿರುಕ್ತಿಯಲ್ಲ, ಅಂದರೆ ಪದದ ಮೂಲವನ್ನು ತಿಳಿಸುವ ವಿವರಣೆಯಲ್ಲ. ಹಳೆಯ ರೂಪವನ್ನೂ ಸೋದರಭಾಷೆಯ ಸಾಕ್ಷಿಯನ್ನೂ ತೋರಿಸದೆ ಯಾರೇ ಮೂಲ ಹೇಳಿದರೂ ನಾನಂತೂ ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ.

ಪ್ರಶ್ನೆ: ‘ಕಡಸು’ ಎಂದರೆ ಹೆಣ್ಣುಗರು ತಾನೇ? ಇದು ‘ಗಡುಸು’ ಎಂಬುದರಿಂದ ಬಂದಿದೆಯೇ?

ಉತ್ತರ: ಎರಡೂ ತಪ್ಪು. ಹಾಲು ಬಿಟ್ಟು ಬೆಳೆದ, ಆದರೆ ಇನ್ನೂ ಈಯದ ಹೆಣ್ಣು ರಾಸು ಕಡಸು. ಎಮ್ಮೆಗೂ ಈ ಮಾತು ಸಲ್ಲುತ್ತದೆ. ಚೊಚ್ಚಲ ಗಬ್ಬದಲ್ಲಿದ್ದರೂ ಅದು ಕಡಸೇ, ಈದ ಮೇಲೆ ಹಸು. ಮೂಲವನ್ನು ಹುಡುಕುವವರು ‘ಗಡುಸು’ವನ್ನು ಬಿಟ್ಟು, ಇದೇ ಅರ್ಥದಲ್ಲಿರುವ ತಮಿಳಿನ ‘ಕಿಡಾರಿ’ಯತ್ತ ನೋಡಲಿ.

ಪ್ರಶ್ನೆ: ‘ಪಡ್ಡೆ’ ಬೈಗುಳವೇ?

ಉತ್ತರ: ಅಲ್ಲ. ಹರೆಯಕ್ಕೆ ಬಂದ ಎಮ್ಮೆಯನ್ನು ಹಳ್ಳಿಯಲ್ಲಿ ಪಡ್ಡೆ ಎನ್ನುತ್ತಾರೆ, ‘ಪಡ್ಡೆ ಹುಡುಗರು’ ಎಂಬಲ್ಲಿಯೂ ಇರುವುದು ಆ ಹರೆಯವೇ.