ಓದುಗರ ಪ್ರಶ್ನೆ: ಮುತ್ತಾತ ಹೋದ ಹಡಗು ಮುಳುಗಿದ್ದು ನಿಜವೆ?

ಪ್ರಶ್ನೆ: ನಮ್ಮ ಅಜ್ಜಿಯ ತಾತ ಕಬ್ಬಿನ ತೋಟದ ಕೂಲಿಗೆಂದು ಫಿಜಿಗೆ ಹೊರಟವರು ಹಡಗು ಮುಳುಗಿ ತೀರಿಕೊಂಡರಂತೆ. ದಾಖಲೆ ಹುಡುಕುವುದು ಹೇಗೆ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಕೂಲಿಯಾಳುಗಳನ್ನು ಹೊತ್ತು ಫಿಜಿ ಹತ್ತಿರ ಒಡೆದ ಹಡಗೆಂದರೆ ‘ಸಿರಿಯಾ’. 1884ರ ಮಾರ್ಚ್ 13ರಂದು ಕಲ್ಕತ್ತೆ ಬಿಟ್ಟ ಈ ಹಾಯಿಹಡಗು ಮೇ 11ರ ರಾತ್ರಿ ನಸಿಲಾಯ್ ಹವಳದ ದಿಬ್ಬಕ್ಕೆ ಬಡಿಯಿತು. ನೆಲ ಇನ್ನೂ ನಾಲ್ಕು ಮೈಲಿ ದೂರ. ಆರು ದೋಣಿಗಳಲ್ಲಿ ಐದು ಅಲೆಗೆ ಪುಡಿಯಾದವು, ಉಳಿದೊಂದನ್ನು ನೆರವು ತರಲು ಕಳಿಸಿದರು. ಜನ ಬಂದು ಕಾಪಾಡುವಷ್ಟರಲ್ಲಿ ಮರುದಿನವಾಗಿತ್ತು. ಸುಮಾರು 500 ಪ್ರಯಾಣಿಕರಲ್ಲಿ 56 ಮಂದಿ, ಜೊತೆಗೆ ಮೂವರು ಖಲಾಸಿಗಳು ಸತ್ತರು.

ಆದರೆ ನಿಮ್ಮ ಹಿರಿಯರು ಅದರಲ್ಲಿದ್ದ ಸಾಧ್ಯತೆ ಬಹಳ ಕಡಿಮೆ. ನಮ್ಮ ಕಡೆಯವರು ಸಾಮಾನ್ಯವಾಗಿ ಹಡಗು ಹತ್ತುತ್ತಿದ್ದುದು ಮದ್ರಾಸಿನಲ್ಲಿ. ಮದ್ರಾಸಿನಿಂದ ಫಿಜಿಗೆ ಕೂಲಿ ಹಡಗು ಶುರುವಾದದ್ದೇ 1903ರಲ್ಲಿ. ಅದಕ್ಕೂ ಮುಂಚೆ ಹೋಗಿದ್ದರೆ ದಕ್ಷಿಣ ಆಫ್ರಿಕಾದ ನೆಟಾಲ್ ಅಥವಾ ಮಾರಿಷಸ್ ಇದ್ದೀತು. ಕಾಗದ ನಿಂತರೆ ಊರಲ್ಲಿ ‘ಹಡಗು ಮುಳುಗಿತು’ ಅಂತ ಮಾತಾಗುವುದು ಹೊಸದೇನಲ್ಲ. ದಾರಿಯಲ್ಲಿ ಸತ್ತವರಲ್ಲೂ ಕಾಲರಾ, ರಕ್ತಭೇದಿಗೆ ಬಲಿಯಾದವರೇ ಹೆಚ್ಚು.

ಮೊದಲು ವರ್ಷ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಯಾರು ಹುಟ್ಟಿದ ಮೇಲೆ ಹೋದರು ಎಂದು ಕೇಳಿದರೆ ಐದಾರು ವರ್ಷದೊಳಗೆ ಬರುತ್ತದೆ. ಆಮೇಲೆ ಫಿಜಿಯ ಪಾಸ್‌ಗಳಿಗೆ (ಹಡಗು ಹತ್ತುವ ಪ್ರತಿ ಕೂಲಿಯ ಹೆಸರಲ್ಲಿ ಬರೆಯುತ್ತಿದ್ದ ವಲಸೆ ಚೀಟಿ) ಸುವಾದ ರಾಷ್ಟ್ರೀಯ ಪತ್ರಾಗಾರ, ನೆಟಾಲಿನ ಹಡಗು ಪಟ್ಟಿಗಳಿಗೆ ಡರ್ಬನ್ನಿನ ಪತ್ರಾಗಾರ, ಮಾರಿಷಸ್ಸಿನ ದಾಖಲೆಗಳಿಗೆ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯನ್ನು ಕೇಳಬೇಕು. ಫಿಜಿ ಪಾಸಿನಲ್ಲಿ ಹಡಗು, ಸಂಖ್ಯೆ, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಗ್ರಾಮ, ಎತ್ತರ, ಮೈಮೇಲಿನ ಗುರುತುಗಳ ಜೊತೆಗೆ ಹತ್ತಿರದ ಸಂಬಂಧಿಯ ಹೆಸರೂ ಇರುತ್ತದೆ. ಬರೀ ಹೆಸರಿನ ಮೇಲೆ ಹುಡುಕಿದರೆ ಮುನಿಯಪ್ಪ, ವೆಂಕಟಪ್ಪಂದಿರ ಸಾಲೇ ಬರುತ್ತದೆ. ತಂದೆಯ ಹೆಸರು, ಊರು ಎರಡೂ ಹೊಂದಲೇಬೇಕು. ಸಂಬಂಧಿಯ ಹೆಸರೂ ಕೂಡಿಬಂದರೆ ಬಹುತೇಕ ಅವರೇ. ವಯಸ್ಸನ್ನು ಮಾತ್ರ ನಂಬಬೇಡಿ, ಅದು ಗುಮಾಸ್ತರ ಅಂದಾಜು.

ಜಿಲ್ಲೆ ‘ಚಿಕ್ಕಬಳ್ಳಾಪುರ’ ಅಂತ ಹಾಕಿದರೆ ಏನೂ ಸಿಗದು, ಅದು ಬೇರೆಯಾದದ್ದು 2007ರಲ್ಲಿ. ‘ಕೋಲಾರ’ ಅಂತ ಹುಡುಕಿ, ‘ಮೈಸೂರು’ ಅಂತಲೂ ಒಮ್ಮೆ ನೋಡಿ. ಊರಿನ ಕೊನೆಯ ‘ಹಳ್ಳಿ’ಯನ್ನು ‘ಪಲ್ಲಿ’ ಅಂತಲೂ ಬರೆದಿರಬಹುದು. ಪಾಸಿನ ಸಂಖ್ಯೆ ಸಿಕ್ಕಿದ ದಿನವೇ ಬರೆದಿಟ್ಟುಕೊಳ್ಳಿ: ಮುಂದೆ ತೋಟದ ಲೆಕ್ಕ, ಮದುವೆ, ಮರಣದ ದಾಖಲೆ ಕೇಳುವಾಗ ಹೆಸರಿಗಿಂತ ಅದೇ ಬೇಕಾಗುತ್ತದೆ.